‘ಆರಾಮದೀನಿ’ ಅಂದರೆ ನಾನೀಗ ನಂಬುವುದಿಲ್ಲ

ಕಾರಟಗಿ ಕಡೆಯ ಒಂದು ಹಳ್ಳಿಯಲ್ಲಿ ನಾನು ಸಮುದಾಯ ಆರೋಗ್ಯಾಧಿಕಾರಿ. ಹುದ್ದೆಯ ಹೆಸರು ಉದ್ದ, ಊರವರಿಗೆ ನಾನು ಬರೀ ‘ಸಿಸ್ಟರ್’. ಬಿಪಿ, ಶುಗರ್ ನೋಡುವ ದಿನ ದಮ್ಮಿನವರೂ ಬಂದು ಸಾಲಿನಲ್ಲಿ ಕೂರುತ್ತಾರೆ. ಚೀಟಿಯಲ್ಲಿ ಸಿಒಪಿಡಿ ಅಂತ ಬರೆದಿರುತ್ತದೆ, ಅಂದರೆ ಉಸಿರಿನ ದಾರಿ ಕಟ್ಟಿಕೊಳ್ಳುವ, ವರ್ಷಗಟ್ಟಲೆ ಉಳಿಯುವ ಶ್ವಾಸಕೋಶದ ಕಾಯಿಲೆ. ಇಲ್ಲಿ ಎಲ್ಲರ ಬಾಯಲ್ಲೂ ಅದು ದಮ್ಮು.

ಎರಡು ವರ್ಷದ ಹಿಂದಿನ ಚಳಿಗಾಲ. ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿಯ ಮನೆಗೆ ಹೋಗಿದ್ದೆ. ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು.

‘ಹೆಂಗದೀರಿ ಯಮ್ಮಾ?’

‘ಆರಾಮದೀನಿ ಯವ್ವಾ. ಕುಂತ್ರ ಏನೂ ಆಗಂಗಿಲ್ಲ.’

ರಕ್ತದಲ್ಲಿನ ಆಕ್ಸಿಜನ್ ತೋರಿಸುವ ಆಕ್ಸಿಮೀಟರ್ ಬೆರಳಿಗೆ ಹಾಕಿದೆ, ಶೇಕಡಾ 92 ಬಂತು. ವಹಿಯಲ್ಲಿ ‘ಸ್ಥಿರ’ ಅಂತ ಬರೆದು ಚಹಾ ಕುಡಿದು ಬಂದೆ. ಅದಾಗಿ ಒಂಬತ್ತನೇ ರಾತ್ರಿ 108 ಬಂದು ಅವರನ್ನು ಕರಕೊಂಡು ಹೋಯಿತು. ನಾಲ್ಕು ದಿನ ಆಕ್ಸಿಜನ್ ಮೇಲಿದ್ದರು. ಆಮೇಲೆ ಸೊಸೆ ಹೇಳಿದ್ದು: ‘ದೀಪಾವಳಿ ಆದಾಗಿಂದ ಹಿತ್ತಲಕ್ಕ ಹೋಗಂಗಿಲ್ರಿ ಸಿಸ್ಟರ್. ಅಲ್ಲೇ ಬಾಜೂಕ ಬಕೀಟು ಇಡ್ತೀವಿ.’

ಅಜ್ಜಿ ಸುಳ್ಳು ಹೇಳಿರಲಿಲ್ಲ. ‘ಕುಂತ್ರ’ ಅಂದಿದ್ದರು, ನಾನು ಆ ಒಂದು ಪದವನ್ನೇ ಬಿಟ್ಟು ಮಿಕ್ಕಿದ್ದನ್ನು ಕೇಳಿಸಿಕೊಂಡಿದ್ದೆ. ದಮ್ಮಿನವರು ಉಸಿರು ಎಷ್ಟು ಸಾಲುತ್ತದೋ ಅಷ್ಟಕ್ಕೇ ತಮ್ಮ ಓಡಾಟವನ್ನು ಮಡಚಿಕೊಳ್ಳುತ್ತಾರೆ. ಮೊದಲು ಸಂತೆ ಬಿಡುತ್ತಾರೆ, ಆಮೇಲೆ ಗುಡಿ, ಆಮೇಲೆ ಹಿತ್ತಲು. ಪಡಸಾಲೆಯಲ್ಲೇ ಕೂತವರಿಗೆ ದಮ್ಮು ಹತ್ತುವುದಾದರೂ ಯಾವಾಗ?

ಅಲ್ಲಿಂದ ನಾನು ‘ಹೆಂಗದೀರಿ’ ಕೇಳುವುದನ್ನು ಕಡಿಮೆ ಮಾಡಿದೆ. ಉಸಿರಾಟದ ಕಷ್ಟ ಅಳೆಯಲು ಎಂಎಂಆರ್‌ಸಿ ಅಂತ ಒಂದು ಮಾಪಕ ಇದೆ, ಸೊನ್ನೆಯಿಂದ ನಾಲ್ಕರವರೆಗೆ. ಸಪಾಟು ನೆಲದ ಮೇಲೆ ನೂರು ಮೀಟರ್ ನಡೆದು ನಿಲ್ಲಬೇಕಾದರೆ ಮೂರು. ಮನೆ ಬಿಟ್ಟು ಹೊರಬೀಳಲು ಆಗದಿದ್ದರೆ, ಸೀರೆ ಉಡುವಾಗ, ಅಂಗಿ ತೊಡುವಾಗಲೇ ಏದುಸಿರು ಬಂದರೆ ನಾಲ್ಕು. ನೂರು ಮೀಟರ್ ಅಂದರೆ ಇಲ್ಲಿ ಯಾರಿಗೆ ಗೊತ್ತು? ಒಂದು ಸಂಜೆ ಆಶಾ ಕಾರ್ಯಕರ್ತೆ ಮತ್ತು ನಾನು ಟೇಪು ಹಿಡಿದು ಅಳೆದೆವು. ಅಗಸಿಯಿಂದ ಕಿರಾಣಿ ಅಂಗಡಿ ಕಟ್ಟೆಗೆ ಹೆಚ್ಚುಕಮ್ಮಿ ಅಷ್ಟೇ ದೂರ. ಈಗ ನನ್ನ ಪ್ರಶ್ನೆ, ‘ಅಗಸಿಯಿಂದ ಹನುಮಪ್ಪನ ಗುಡಿಗೆ ಹೋಗುವಾಗ ಕಿರಾಣಿ ಕಟ್ಟಿ ಮ್ಯಾಲ ಕುಂದರ್ತೀರೇನು?’ ಇದಕ್ಕೆ ಯಾರೂ ‘ಆರಾಮ’ ಅಂತ ಉತ್ತರ ಕೊಡಲು ಬರುವುದಿಲ್ಲ. ಸೊಸೆಯನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಂಡೇ ಕೇಳುತ್ತೇನೆ. ‘ಹೋದ ವರ್ಷ ಹೋಗ್ತಿದ್ದ ಯಾವ ಜಾಗಕ್ಕ ಈ ವರ್ಷ ಹೋಗವಲ್ರು?’ ಅಂದರೆ ಮನೆಯವರಿಗೆ ಉತ್ತರ ಥಟ್ಟನೆ ಹೊಳೆಯುತ್ತದೆ.

ಅಜ್ಜಿಯ ವಿಷಯದಲ್ಲಿ ನಾನು ಕೇಳದೇ ಬಿಟ್ಟ ಇನ್ನೊಂದು ಪ್ರಶ್ನೆ ಇತ್ತು, ಅದು ಇದಕ್ಕಿಂತ ದೊಡ್ಡದು. ‘ಹಿಂದಿನ ವರ್ಷ ದವಾಖಾನಿಗೆ ಸೇರಿದ್ರೇನು?’ ಸೇರಿದ್ದರಂತೆ, ಮಗಳ ಊರಿನಲ್ಲಿ ಇದ್ದಾಗ. ತರಬೇತಿಯಲ್ಲಿ ಪಾಠ ಮಾಡಿದ ಫಿಜಿಷಿಯನ್ ಡಾಕ್ಟರು ಇದನ್ನೇ ಒತ್ತಿ ಹೇಳಿದ್ದರು, ನನಗೆ ಆಗ ತಲೆಗೆ ಹೋಗಿರಲಿಲ್ಲ. 2010ರಲ್ಲಿ ಪ್ರಕಟವಾದ ಎಕ್ಲಿಪ್ಸ್ ಅಧ್ಯಯನದಲ್ಲಿ 2,138 ರೋಗಿಗಳನ್ನು ಮೂರು ವರ್ಷ ನೋಡಿದರು. ಯಾರಿಗೆ ದಮ್ಮು ಮತ್ತೆ ಕೆರಳುತ್ತದೆ ಅನ್ನುವುದಕ್ಕೆ ಎಲ್ಲಕ್ಕಿಂತ ಗಟ್ಟಿ ಸೂಚನೆ, ಹಿಂದಿನ ವರ್ಷ ಯಾರಿಗೆ ಕೆರಳಿತ್ತು ಅನ್ನುವುದೇ. ಗೋಲ್ಡ್ ಅನ್ನುವ ಜಾಗತಿಕ ಮಾರ್ಗಸೂಚಿ 2023ರಲ್ಲಿ ರೋಗಿಗಳ ಗುಂಪುಗಳನ್ನು ಮರುವಿಂಗಡಿಸಿದಾಗಲೂ ಹೀಗೇ ಮಾಡಿತು. ಸ್ಟೀರಾಯ್ಡ್ ಇಲ್ಲವೇ ಆ್ಯಂಟಿಬಯೋಟಿಕ್ ಬೇಕಾಗುವಷ್ಟು ದಮ್ಮು ವರ್ಷಕ್ಕೆ ಎರಡು ಸಲ ಕೆರಳಿದ್ದರೆ, ಅಥವಾ ಒಂದೇ ಒಂದು ಸಲ ಆಸ್ಪತ್ರೆಗೆ ಸೇರಿದ್ದರೂ ಸಾಕು, ಅವರು ಅಪಾಯದ ಗುಂಪು ಅಂತ ಆಗ ಹೇಳಿತು.

ಆದರೆ ನಮ್ಮ ಕಡೆ ಈ ಲೆಕ್ಕ ಹಿಡಿಯುವುದು ಕಷ್ಟ. ‘ಸೇರಿದ್ರೇನು’ ಅಂದರೆ ‘ಇಲ್ರಿ’ ಅನ್ನುತ್ತಾರೆ. ‘ಬಾಟ್ಲಿ ಹಚ್ಚಿಸಿಕೊಂಡಿದ್ರೇನು’ ಅಂದರೆ ‘ಹೌದ್ರಿ, ಮೂರ್ಸಲ’. ಸಂಜೆ ಹೋಗಿ ಸಲೈನ್ ಏರಿಸಿಕೊಂಡು, ದಮ್ಮಿನ ಸೂಜಿ ಮಾಡಿಸಿಕೊಂಡು, ರಾತ್ರಿ ಬೈಕ್ ಮೇಲೆ ವಾಪಸ್ ಬಂದದ್ದು ಅವರ ಲೆಕ್ಕದಲ್ಲಿ ಆಸ್ಪತ್ರೆಯೇ ಅಲ್ಲ. ಆ ಸೂಜಿಯಲ್ಲಿ ಬಹಳ ಸಲ ಸ್ಟೀರಾಯ್ಡ್ ಇರುತ್ತದೆ. ಅಲ್ಲಿಗೆ ವರ್ಷದಲ್ಲಿ ಮೂರು ಸಲ ಕೆರಳಿದ ಹಾಗಾಯಿತು. ಹಾಗಾಗಿ ನಾನು ಸೂಜಿ, ಬಾಟ್ಲಿ, ‘ಗ್ಯಾಸ್ ಕೊಟ್ಟದ್ದು’ (ಮಾಸ್ಕ್ ಹಾಕಿ ಔಷಧಿಯ ಹಬೆ ಕೊಟ್ಟದ್ದು) ಮೂರನ್ನೂ ಬೇರೆ ಬೇರೆಯಾಗಿ ಕೇಳಿ ವಹಿಯಲ್ಲಿ ಹಬ್ಬದ ಲೆಕ್ಕದಲ್ಲಿ ಬರೆಯುತ್ತೇನೆ. ತಾರೀಖು ಕೇಳಿದರೆ ನೆನಪಿರುವುದಿಲ್ಲ. ‘ಉಗಾದಿ ಮುಂದೋ ಹಿಂದೋ’ ಅಂದರೆ ನೆನಪಾಗುತ್ತದೆ. ಎರಡು ಮುಟ್ಟಿದವರ ಹೆಸರಿನ ಕೆಳಗೆ ಕೆಂಪು ಗೆರೆ.

ವಹಿಯಲ್ಲಿ ಮೂವತ್ತರ ಹತ್ತಿರ ಹೆಸರುಗಳಿವೆ. ಕೆಂಪು ಗೆರೆಯವರ ಮನೆಗೆ ತಿಂಗಳಿಗೊಮ್ಮೆ ಹೋಗಲೇಬೇಕು ಅಂತ ನನಗೆ ನಾನೇ ಕಟ್ಟು ಹಾಕಿಕೊಂಡೆ. ಹಾಗೆ ಹೋದಾಗಲೇ ಹಮಾಲ ಅಜ್ಜನ ಕಥೆ ಬಯಲಾದದ್ದು.

ಅಜ್ಜ ಗಂಗಾವತಿಯ ರೈಸ್ ಮಿಲ್ಲುಗಳಲ್ಲಿ 75 ಕೆ.ಜಿ.ಯ ಭತ್ತದ ಚೀಲ ಹೊತ್ತು ಬದುಕಿದವರು. ಧೂಳು ಒಂದು ಕಡೆ, ಬೀಡಿ ಇನ್ನೊಂದು ಕಡೆ. ದೊಡ್ಡ ಆಸ್ಪತ್ರೆಯೊಂದರಲ್ಲಿ ಸೇರಿಸಿ, ಬಿಡುವಾಗ ರೋಟಾಹೇಲರ್ (ಕ್ಯಾಪ್ಸೂಲಿನೊಳಗಿನ ಪುಡಿಯನ್ನು ಉಸಿರಿನಿಂದ ಎಳೆದುಕೊಳ್ಳುವ ಮಷೀನು) ಮತ್ತು ಕ್ಯಾಪ್ಸೂಲಿನ ಡಬ್ಬಿ ಕೊಟ್ಟು ಕಳಿಸಿದ್ದರು. ‘ಔಷಧಿ ತಪ್ಪಿಸಂಗಿಲ್ರಿ’ ಅಂದರು. ನಿಜ, ಡಬ್ಬಿ ಹೆಚ್ಚುಕಮ್ಮಿ ಖಾಲಿಯಾಗಿತ್ತು. ‘ಹೆಂಗ ತಗೊಂತೀರಿ, ತೋರಿಸ್ರಿ’ ಅಂದೆ. ಕ್ಯಾಪ್ಸೂಲನ್ನು ಬಾಯಿಗೆ ಹಾಕಿಕೊಂಡು ಚೆಂಬು ಎತ್ತಿ ನೀರು ಕುಡಿದರು. ಪುಪ್ಪುಸಕ್ಕೆ ಹೋಗಬೇಕಾದ ಪುಡಿ ಇಪ್ಪತ್ತೆಂಟು ದಿನ ಹೊಟ್ಟೆಗೆ ಹೋಗಿತ್ತು. ಮಷೀನು ಎಲ್ಲಿ ಅಂದರೆ ಮೊಮ್ಮಗ ಸೀಟಿ ಮಾಡಿಕೊಂಡಿದ್ದ. ನಗು ಬಂತು, ಆಮೇಲೆ ಸಿಟ್ಟೂ ಬಂತು. ಬಿಡುಗಡೆಯ ಚೀಟಿಯಲ್ಲಿ ಎಲ್ಲ ಸರಿಯಾಗಿಯೇ ಬರೆದಿದ್ದರು, ಅಜ್ಜನಿಗೆ ಓದಲು ಬರುವುದಿಲ್ಲ ಅನ್ನುವುದನ್ನು ಯಾರೂ ಕೇಳಿರಲಿಲ್ಲ.

ಕಲಿಸಲು ನೋಡಿದೆ. ರೋಟಾಹೇಲರ್‌ನಲ್ಲಿ ಪುಡಿಯನ್ನು ಜೋರಾಗಿ, ಆಳವಾಗಿ ಎಳೆದುಕೊಳ್ಳಬೇಕು. ಅಜ್ಜನಿಗೆ ಅಷ್ಟು ಶಕ್ತಿಯೇ ಇರಲಿಲ್ಲ. ಡಾಕ್ಟರು ಒತ್ತಿದರೆ ಔಷಧಿ ಚಿಮ್ಮುವ ಪಂಪಿಗೆ ಬದಲಿಸಿದರು. ಪಂಪಿನದು ಉಲ್ಟಾ, ಮೆಲ್ಲಗೆ ಎಳೆಯಬೇಕು; ಒತ್ತುವುದೂ ಎಳೆಯುವುದೂ ಒಟ್ಟಿಗೇ ಆಗಬೇಕು, ಅದೂ ಅವರಿಗೆ ಕೂಡಲಿಲ್ಲ. ಪಂಪಿಗೂ ಬಾಯಿಗೂ ನಡುವೆ ಔಷಧಿ ಹಿಡಿದಿಡುವ ಸ್ಪೇಸರ್ ಅನ್ನುವ ಕೊಳವೆ ತಕ್ಷಣ ಸಿಗಲಿಲ್ಲ. ಡಾಕ್ಟರನ್ನು ಕೇಳಿಯೇ ಅರ್ಧ ಲೀಟರಿನ ತಂಪುಪಾನೀಯದ ಖಾಲಿ ಬಾಟ್ಲಿ ತಂದೆ. ಪಂಪಿನ ಬಾಯಿಯ ಆಕಾರಕ್ಕೆ ಕಬ್ಬಿಣದ ತಂತಿ ಬಾಗಿಸಿ ಕಾಯಿಸಿ, ಬಾಟ್ಲಿಯ ತಳಕ್ಕೆ ಒತ್ತಿ ತೂತು ಮಾಡಿದೆ. ತೂತಿಗೆ ಪಂಪು, ಬಾಟ್ಲಿಯ ಬಾಯಿ ಅಜ್ಜನ ತುಟಿಗೆ. ಮೊದಲನೆಯದರ ತೂತು ದೊಡ್ಡದಾಗಿ ಗಾಳಿ ಸೋರಿತು, ಎರಡನೆಯದು ಸರಿಹೋಯಿತು. ಸೋಪಿನ ನೀರಲ್ಲಿ ಅದ್ದಿ, ಬಟ್ಟೆಯಿಂದ ಒರೆಸದೆ ಹಾಗೇ ಒಣಗಿಸಬೇಕು. ಒರೆಸಿದರೆ ಪ್ಲಾಸ್ಟಿಕ್ಕಿಗೆ ಸ್ಥಿರ ವಿದ್ಯುತ್ ಹತ್ತಿ ಔಷಧಿ ಬಾಟ್ಲಿಯ ಗೋಡೆಗೇ ಅಂಟುತ್ತದೆ. ಪಂಪು ಕುಲುಕಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ಒಂದು ಸಲ ಒತ್ತಿ, ಮೆಲ್ಲಗೆ ಎಳೆದು, ಹತ್ತು ಎಣಿಸುವವರೆಗೆ ಹಿಡಿಯುವುದು. ಅಜ್ಜ ಎಣಿಸುವುದು ಚೀಲ ಎಣಿಸುವ ರಾಗದಲ್ಲೇ, ಬೆರಳು ಮಡಚುತ್ತ. ಮುಗಿದ ಮೇಲೆ ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ದರೆ ಅದರಲ್ಲಿನ ಸ್ಟೀರಾಯ್ಡಿಗೆ ಬಾಯಲ್ಲಿ ಬೆಳ್ಳಗೆ ಹುಣ್ಣಾಗುತ್ತದೆ.

ಬೀಡಿ ಬಿಟ್ಟಿದ್ದಾರೆಯೇ? ಹೆಂಡತಿಯ ಎದುರು ಬಿಟ್ಟಿದ್ದಾರೆ.

ಹೆಂಗಸರಲ್ಲಿ ಬೀಡಿ ಇಲ್ಲ, ಒಲೆ ಇದೆ. ಸಿಲಿಂಡರ್ ಹೆಚ್ಚುಕಡಿಮೆ ಎಲ್ಲ ಮನೆಯಲ್ಲಿದೆ, ಅದು ಚಹಾಕ್ಕೆ. ರೊಟ್ಟಿ ಮಾತ್ರ ಕಟ್ಟಿಗೆ ಒಲೆಯ ಮೇಲೇ ಆಗಬೇಕು. ಇದರ ಮೇಲೆ ಭಾಷಣ ಮಾಡಿ ಸೋತಿದ್ದೇನೆ. ಈಗ ಕೇಳುವುದು ಇಷ್ಟೇ: ದಮ್ಮಿನವರು ರೊಟ್ಟಿ ಬಡಿಯಲಿ ಬೇಕಾದರೆ, ಒಲೆ ಮುಂದೆ ಬೇರೆಯವರು ಕೂರಲಿ.

ತೂಕವನ್ನು ಪ್ರತಿ ಸಲ ನೋಡುತ್ತೇನೆ. ಸೊರಗುತ್ತಿರುವ ದಮ್ಮಿನವರನ್ನು ಕಂಡರೆ ನನಗೆ ಹೆಚ್ಚು ಭಯ. ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ 21ಕ್ಕಿಂತ ಇಳಿದರೆ ಈ ಕಾಯಿಲೆಯಲ್ಲಿ ಅದು ಕೆಟ್ಟ ಲಕ್ಷಣ. ‘ಉಂಡ್ರ ದಮ್ಮು ಹತ್ತತೈತಿ’ ಅಂತ ಊಟ ಬಿಟ್ಟಿರುತ್ತಾರೆ. ಸ್ವಲ್ಪ ಸ್ವಲ್ಪ, ಐದಾರು ಸಲ ತಿನ್ನಿ ಅನ್ನುತ್ತೇನೆ. ಹಾಗೇ ಪಾದದ ಮೇಲೆ ಬೆರಳು ಒತ್ತಿ ಬಾವು ನೋಡುವುದು: ಗುಣಿ ಬಿದ್ದರೆ ಹೃದಯದ ಕಡೆಗೂ ನೋಡಬೇಕು, ಅವರನ್ನು ಅವತ್ತೇ ಡಾಕ್ಟರ ಹತ್ತಿರ ಕಳಿಸುತ್ತೇನೆ. ಹಳೇ ಟಿಬಿ ಆಗಿದ್ದವರನ್ನೂ ಪ್ರತ್ಯೇಕ ಗುರುತು ಮಾಡಿದ್ದೇನೆ.

ಆಸ್ಪತ್ರೆಯಿಂದ ಬಿಟ್ಟ ಮೇಲಿನ ಮೊದಲ ತಿಂಗಳು ಬಹಳ ನಾಜೂಕು, ತಿರುಗಿ ಸೇರುವವರು ಆಗಲೇ ಹೆಚ್ಚು. ಮನೆಗೆ ಬಂದ ವಾರದೊಳಗೆ ಹೋಗಿ ಪಂಪು ಹಿಡಿಯುವುದನ್ನು ನೋಡುತ್ತೇನೆ. ಒಬ್ಬರ ಮಗ ಬಾಡಿಗೆಗೆ ಆಕ್ಸಿಜನ್ ಮಷೀನು ತಂದು 98 ಬರುವವರೆಗೆ ತಿರುವಿದ್ದ. ತಂದೆ ಮಂಪರಿನಲ್ಲಿದ್ದರು. ಇವರಿಗೆ 88ರಿಂದ 92 ಇದ್ದರೆ ಸಾಕು, ಮೇಲೆ ಏರಿಸಿದರೆ ಒಳಗೆ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡು ನಿದ್ದೆಯಂಥ ಮಂಪರು ಹಿಡಿಯುತ್ತದೆ. ಅವತ್ತು ಆಕ್ಸಿಜನ್ ಪೂರ್ತಿ ಬಂದ್ ಮಾಡದೆ, 90ರ ಆಸುಪಾಸಿಗೆ ಇಳಿಸಿಕೊಂಡೇ 108ಕ್ಕೆ ಕರೆ ಮಾಡಿದೆ. ಈಗ ಮಷೀನಿನ ಮೇಲೆ ಡಾಕ್ಟರು ಹೇಳಿದ ಲೆಕ್ಕಕ್ಕೆ ಪ್ಲಾಸ್ಟರ್ ಅಂಟಿಸಿ ಬಂದಿದ್ದೇನೆ.

ಮನೆಯವರಿಗೆ ಹೇಳಿಕೊಟ್ಟಿರುವುದು ಕಫ ನೋಡುವುದನ್ನು. ಬಿಳಿ ಇದ್ದದ್ದು ಹಳದಿ, ಹಸಿರು ಆದರೆ, ಜಾಸ್ತಿಯಾದರೆ, ರಾತ್ರಿ ಕೂತೇ ಮಲಗುವಂತಾದರೆ ನನಗೆ ಫೋನು. ಒಂದು ಮಾತು ಪೂರ್ತಿ ಆಡಲು ಆಗದಿದ್ದರೆ, ತುಟಿ ನೀಲಿಯಾದರೆ ನನಗೆ ಫೋನು ಮಾಡುತ್ತ ಕೂರಬಾರದು, ನೇರ 108.

ಮುಂದಿನ ವಾರ ಕಟಾವು ಮಷೀನುಗಳು ಗದ್ದೆಗೆ ಇಳಿಯುತ್ತವೆ. ಧೂಳು, ಆಮೇಲೆ ಹುಲ್ಲಿಗೆ ಬೆಂಕಿ, ಅದರ ಹಿಂದೆಯೇ ಚಳಿ. ಕೆಂಪು ಗೆರೆಯ ಮನೆಗಳಿಗೆ ಅದಕ್ಕೆ ಮೊದಲೇ ಒಂದು ಸುತ್ತು ಹಾಕಬೇಕು. ಆ ಅಜ್ಜಿಯ ಮನೆಗೆ ನಿನ್ನೆ ಹೋಗಿದ್ದೆ. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ಕಂಬ ಹಿಡಿದು ಎದ್ದು ನಿಂತರು. ‘ಕೇಳಬ್ಯಾಡ ಯವ್ವಾ, ನಾನೇ ಹೇಳ್ತೀನಿ. ಹಿತ್ತಲಕ್ಕ ಹೊಕ್ಕೀನಿ. ಬರಬೇಕಾರ ಎರಡು ಕಡೆ ನಿಂತು ಬರ್ತೀನಿ. ಹೋದ ತಿಂಗಳು ಒಂದ ಕಡೆ ನಿಲ್ಲತಿದ್ದೆ.’

ವಹಿ ತೆಗೆದು ಅದನ್ನು ಹಾಗೇ ಬರೆದುಕೊಂಡೆ. ಇವತ್ತು ಅವರನ್ನು ಡಾಕ್ಟರ ಹತ್ತಿರ ಕರಕೊಂಡು ಹೋಗಲು ಮಗನಿಗೆ ಹೇಳಿದ್ದೇನೆ.