ಕೆಳಗಿನ ಕಡ್ಡಿ ಕದಲಬಾರದು: ಊಟದ ಸಲಕರಣೆಗಳಿಗೊಂದು ಬಳಕೆದಾರ ಕೈಪಿಡಿ

ಸರ್ವರ್ ಕೈಕೊಟ್ಟರೆ ನಡುರಾತ್ರಿ ಎದ್ದು ಕುಳಿತು ಸರಿಪಡಿಸುವ ನನ್ನ ಸಹೋದ್ಯೋಗಿಯೊಬ್ಬರು ಕಳೆದ ತಿಂಗಳು ಎರಡು ಬಿದಿರಿನ ಕಡ್ಡಿಗಳ, ಅಂದರೆ ಚಾಪ್‌ಸ್ಟಿಕ್‌ಗಳ, ಮುಂದೆ ಶರಣಾದರು. ನೂಡಲ್ಸ್ ತಣ್ಣಗಾಗುವವರೆಗೂ ಹೋರಾಡಿ, ಕೊನೆಗೆ ಎರಡು ಕೈಯಲ್ಲಿ ಒಂದೊಂದು ಕಡ್ಡಿ ಹಿಡಿದು, ಸ್ವೆಟರ್ ಹೆಣೆಯುವವರಂತೆ ತಿನ್ನಲು ಹೊರಟರು. ‘ಈ ಸಾಧನದಲ್ಲೇ ದೋಷವಿದೆ’ ಎಂಬುದು ಅವರ ತೀರ್ಪು. ತಾಂತ್ರಿಕ ನೆರವಿನ ವಿಭಾಗದಲ್ಲಿ ಹಲವು ವರ್ಷ ಕಳೆದ ನನಗೆ ಈ ವಾಕ್ಯ ಚೆನ್ನಾಗಿ ಗೊತ್ತು. ಯಾರಾದರೂ ಹಾಗೆ ಹೇಳಿದಾಗ ಮೊದಲು ನೋಡಬೇಕಾದದ್ದು ಪ್ಲಗ್ ಸಿಕ್ಕಿಸಿದ್ದಾರೆಯೇ ಎಂಬುದನ್ನು. ಚಾಪ್‌ಸ್ಟಿಕ್ ವಿಷಯದಲ್ಲಿ ಆ ಪ್ಲಗ್ ಎಂದರೆ ಕೆಳಗಿನ ಕಡ್ಡಿ. ಅದರ ಬಳಿಗೆ ಬರುವ ಮುನ್ನ ಸುಲಭದ ಸಲಕರಣೆಗಳನ್ನು ಮುಗಿಸಿಬಿಡೋಣ.

ಹಂತ 1: ಚಮಚ

ಕುಳಿ ಇರುವ ತುದಿ ಬಾಯಿಗೆ, ಇನ್ನೊಂದು ತುದಿ ಕೈಗೆ. ನೋಂದಣಿ ಬೇಡ, ಪಾಸ್‌ವರ್ಡ್ ಬೇಡ, ಚಾರ್ಜರ್ ಕಳೆದುಹೋಗುವ ಭಯವಿಲ್ಲ.

ಕೊಳ್ಳುವಾಗ ಮಾತ್ರ ಕಣ್ಣು ತೆರೆದಿರಲಿ. ಹಲವು ಸ್ಟೇನ್‌ಲೆಸ್ ಸ್ಟೀಲ್ ಚಮಚಗಳ ಮೇಲೆ 18/10 ಅಥವಾ 18/0 ಎಂದು ಕೆತ್ತಿರುತ್ತದೆ. ಅದು ಮಾದರಿ ಸಂಖ್ಯೆಯಲ್ಲ. ಮೊದಲನೆಯದು ಶೇಕಡಾವಾರು ಕ್ರೋಮಿಯಂ, ಎರಡನೆಯದು ನಿಕ್ಕಲ್. ನಿಕ್ಕಲ್ ಇಲ್ಲದ 18/0 ಚಮಚಕ್ಕೆ ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ; 18/10ಕ್ಕೆ ಅಂಟುವುದಿಲ್ಲ, ಅಂಟಿದರೂ ನೆಪಮಾತ್ರಕ್ಕೆ. 18/10 ಎಂದು ಹೇಳಿ 18/0 ಮಾರುವವರನ್ನು ಹಿಡಿಯಲು ಇಷ್ಟು ಸಾಕು. ಚಾಕುವಿಗೆ ಮಾತ್ರ ಈ ಪರೀಕ್ಷೆ ಸಲ್ಲದು. ಹರಿತ ನಿಲ್ಲಬೇಕಾದ ಅಲಗನ್ನು ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವ ಬಗೆಯ ಉಕ್ಕಿನಲ್ಲೇ ಮಾಡುತ್ತಾರೆ.

ಚಮಚವೂ ‘ಸ್ಮಾರ್ಟ್’ ಆಗಬೇಕೆಂದು ಹಟ ಹಿಡಿದವರೂ ಇದ್ದಾರೆ. 2013ರಲ್ಲಿ ಹ್ಯಾಪಿಫೋರ್ಕ್ ಎಂಬ ಫೋರ್ಕ್ ಪ್ರದರ್ಶನಕ್ಕೆ ಬಂತು; ಗಬಗಬನೆ ತಿಂದರೆ ಅದು ಕೈಯಲ್ಲೇ ಗುಡುಗುಡು ನಡುಗುತ್ತದೆ. 2014ರಲ್ಲಿ ಚೀನಾದ ಬೈದು ಕಂಪನಿ ಅಡುಗೆಯೆಣ್ಣೆಯ ಗುಣಮಟ್ಟ ಅಳೆಯುವ ಚಾಪ್‌ಸ್ಟಿಕ್‌ನ ಮಾದರಿಯನ್ನು ತೋರಿಸಿತು. ಅದು ಮೊದಲು ಸುದ್ದಿಯಾದದ್ದು ಏಪ್ರಿಲ್ ಫೂಲ್ ತಮಾಷೆಯಾಗಿ! ಜಪಾನಿನ ಕಿರಿನ್ ಕಂಪನಿ 2024ರಲ್ಲಿ ಮಾರುಕಟ್ಟೆಗೆ ತಂದ ಚಮಚವೊಂದು ಸಣ್ಣ ವಿದ್ಯುತ್ ಹರಿಸಿ, ಉಪ್ಪು ಕಡಿಮೆಯಿರುವ ಆಹಾರವನ್ನೂ ನಾಲಿಗೆಗೆ ಉಪ್ಪುಪ್ಪಾಗಿಸುತ್ತದೆ. ಇದರ ಹಿಂದಿನ ಸಂಶೋಧಕರಾದ ಹೊಮೇ ಮಿಯಾಶಿತಾ ಅವರಿಗೆ, ವಿದ್ಯುತ್ ಹರಿಸಿದ ಚಾಪ್‌ಸ್ಟಿಕ್ ಮತ್ತು ಹೀರುಕೊಳವೆಗಳ ಪ್ರಯೋಗಕ್ಕಾಗಿ, 2023ರಲ್ಲಿ ಇಗ್ ನೊಬೆಲ್ (ಮೊದಲು ನಗಿಸಿ, ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ) ಸಹ ಸಂದಿದೆ. ಇವುಗಳಿಗೆಲ್ಲ ದೂರದಿಂದಲೇ ನನ್ನ ನಮಸ್ಕಾರ. ನಾನು ಮನಸಾರೆ ಒಪ್ಪುವುದು ಒಂದನ್ನೇ: ಕೈನಡುಕ ಇರುವವರಿಗಾಗಿ ಮಾಡಿದ ಲಿಫ್ಟ್‌ವೇರ್. ಹಿಡಿ ನಡುಗಿದರೂ ಅದರೊಳಗಿನ ಸೆನ್ಸರ್ ಮತ್ತು ಮೋಟಾರುಗಳು ಚಮಚದ ಬಾಯನ್ನು ಸ್ಥಿರವಾಗಿಡುತ್ತವೆ. ಬ್ಯಾಟರಿ ಹಾಕುವುದಿದ್ದರೆ ಇಂಥ ಕೆಲಸಕ್ಕೆ ಹಾಕಬೇಕು.

ಹಂತ 2: ಫೋರ್ಕ್ ಮತ್ತು ಚಾಕು

ಎಡಗೈಯಲ್ಲಿ ಫೋರ್ಕ್, ಮುಳ್ಳು ಕೆಳಮುಖ; ಬಲಗೈಯಲ್ಲಿ ಚಾಕು; ಎರಡರ ಬೆನ್ನಿನ ಮೇಲೂ ತೋರುಬೆರಳು. ಕತ್ತರಿಸುವಾಗ ಫೋರ್ಕ್ ಹಿಡಿದಿರಬೇಕು, ಚಾಕು ಓಡಾಡಬೇಕು. ಎರಡೂ ಓಡಾಡತೊಡಗಿದರೆ ತುಂಡು ಪಕ್ಕದವರ ತಟ್ಟೆಗೆ ವರ್ಗವಾಗುತ್ತದೆ. (ಒಂದು ಸ್ಥಿರ, ಒಂದು ಚಲ ಎಂಬ ಈ ಸೂತ್ರವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.)

ಜನ ಎಡವುವುದು ತಿನ್ನುವಾಗಲ್ಲ, ನಿಲ್ಲಿಸುವಾಗ. ಪಾಶ್ಚಾತ್ಯ ಪದ್ಧತಿಯ ಮೇಜಿನಲ್ಲಿ ಫೋರ್ಕ್, ಚಾಕುಗಳನ್ನು ತಟ್ಟೆಯ ಮೇಲೆ ಇಳಿಜಾರು ಮಾಡಿನ ಹಾಗೆ ಓರೆಯಾಗಿಟ್ಟರೆ ಅದು ಸ್ಲೀಪ್ ಮೋಡ್: ‘ಈಗ ಬಂದೆ, ತಟ್ಟೆ ಮುಟ್ಟಬೇಡಿ’. ಎರಡನ್ನೂ ಅಕ್ಕಪಕ್ಕ ಜೋಡಿಸಿಟ್ಟರೆ ಶಟ್‌ಡೌನ್. ಫೋನಿನಲ್ಲಿ ಮಾತಾಡುತ್ತ ನೀವು ಅಂದವಾಗಿ ಜೋಡಿಸಿಟ್ಟರೆ ಅರ್ಧ ಊಟ ಅಡುಗೆಮನೆಗೆ ವಾಪಸು ಹೋಗಿಬಿಟ್ಟೀತು. ಹೀಗೆ ಡೇಟಾ ಕಳೆದುಕೊಂಡವರನ್ನು ನಾನೇ ಸಂತೈಸಿದ್ದೇನೆ.

ಇಂದು ಯಾರೂ ಪ್ರಶ್ನಿಸದ ಈ ಫೋರ್ಕ್ ಕೂಡ ಒಂದು ಕಾಲಕ್ಕೆ ನಗೆಪಾಟಲಿನ ಗ್ಯಾಜೆಟ್ಟೇ. 1608ರಲ್ಲಿ ಇಟಲಿ ಸುತ್ತಿದ ಥಾಮಸ್ ಕೋರಿಯಾಟ್ ಎಂಬ ಇಂಗ್ಲಿಷ್ ಪ್ರವಾಸಿ ಅಲ್ಲಿನವರನ್ನು ನೋಡಿ ಫೋರ್ಕ್ ಹಿಡಿಯಲು ಕಲಿತ. ಊರಿಗೆ ಮರಳಿದ ಮೇಲೂ ಬಿಡದೆ ಗೆಳೆಯರಿಂದ ಗೇಲಿ ಮಾಡಿಸಿಕೊಂಡ. ಇನ್ನು ಚಮಚಕ್ಕೂ ಫೋರ್ಕಿಗೂ ಹುಟ್ಟಿದ ಸ್ಪೋರ್ಕ್. ಅದನ್ನು ಕೊಳ್ಳಬೇಡಿ. ಪ್ರಿಂಟರ್, ಸ್ಕ್ಯಾನರ್, ಫ್ಯಾಕ್ಸ್ ಮೂರೂ ಒಂದರಲ್ಲೇ ಎಂದು ಬಂದ ಯಂತ್ರಗಳ ಹಾಗೆ, ಸೂಪನ್ನು ಸೋರಿಸುತ್ತದೆ, ತುಂಡನ್ನು ಜಾರಿಸುತ್ತದೆ.

ಹಂತ 3: ಕಡ್ಡಿಗಳ ಆಯ್ಕೆ

ಚೀನಾದ ಯಿನ್‌ಶೂ ಅವಶೇಷಗಳಲ್ಲಿ ಸಿಕ್ಕಿರುವ ಕಂಚಿನ ಚಾಪ್‌ಸ್ಟಿಕ್‌ಗಳಿಗೆ ಮೂರು ಸಾವಿರ ವರ್ಷಗಳಿಗೂ ಮೀರಿದ ವಯಸ್ಸು. ಅಂದಿನಿಂದ ಇಂದಿನವರೆಗೆ ವಿನ್ಯಾಸ ಬದಲಾಗಿಲ್ಲ. ಅಪ್‌ಡೇಟ್ ಹಾಕಿಕೊಳ್ಳಿ ಎಂದು ಅದು ಯಾರನ್ನೂ ಪೀಡಿಸಿಲ್ಲ. ದೇಶಕ್ಕೆ ತಕ್ಕ ಆವೃತ್ತಿಗಳು ಮಾತ್ರ ಇವೆ. ಚೀನಾದ್ದು ಉದ್ದ, ಮೊಂಡು ತುದಿ. ಜಪಾನಿನದು ಗಿಡ್ಡ, ಚೂಪು ತುದಿ. ಕೊರಿಯಾದ್ದು ಲೋಹದ್ದು, ಹೆಚ್ಚಾಗಿ ಚಪ್ಪಟೆ.

ಕಲಿಯುವವರು ಬಿದಿರಿನ ಅಥವಾ ಮರದ, ಮೈ ಚೌಕವಾಗಿರುವ, ತುದಿಗೆ ಹೊಳಪು ಬಳಿಯದ ಕಡ್ಡಿಗಳನ್ನೇ ಆರಿಸಿಕೊಳ್ಳಬೇಕು. ಚೌಕದ ಮೈ ಕೈಯಲ್ಲಿ ಉರುಳುವುದಿಲ್ಲ, ಒರಟು ತುದಿ ಜಾರುವುದಿಲ್ಲ. ನುಣುಪು ಪ್ಲಾಸ್ಟಿಕ್ಕಿನವನ್ನು ಶತ್ರುವಿಗೂ ಕೊಡಬೇಡಿ. ಲೋಹದ್ದು ಎರಡನೆಯ ವರ್ಷಕ್ಕಿರಲಿ.

ಹಂತ 4: ಕೆಳಗಿನ ಕಡ್ಡಿ

ಈಗ ಫೋನ್ ಪಕ್ಕಕ್ಕಿಡಿ. ಎರಡನೆಯ ಕಡ್ಡಿಯನ್ನೂ ಕೈಗೆಟುಕದಷ್ಟು ದೂರ ಇಡಿ. ಎರಡನ್ನೂ ಒಮ್ಮೆಗೇ ಹಿಡಿಯಲು ಹೋಗುವುದೇ ಎಲ್ಲ ಅನರ್ಥಕ್ಕೂ ಮೂಲ.

ಕೈಕುಲುಕಲು ಹೋಗುವವರಂತೆ ಬಲಗೈ ಚಾಚಿ, ಹೆಬ್ಬೆರಳು ಮೇಲಕ್ಕಿರಲಿ. ಎಡಚರು ಎಡಗೈಯಲ್ಲೇ ಮಾಡಿ. ಉಂಗುರ ಬೆರಳು ಮತ್ತು ಕಿರುಬೆರಳುಗಳನ್ನು ಸಡಿಲವಾಗಿ ಒಳಕ್ಕೆ ಮಡಚಿ. ಕಡ್ಡಿಯ ದಪ್ಪನೆಯ ಭಾಗವನ್ನು ಹೆಬ್ಬೆರಳು, ತೋರುಬೆರಳುಗಳ ನಡುವಿನ ಸಂದಿನಲ್ಲಿ ಕೂರಿಸಿ. ಮುಂದಿನ ಭಾಗ ಉಂಗುರ ಬೆರಳಿನ ಪಕ್ಕದ ಮೇಲೆ, ಉಗುರಿನ ಹತ್ತಿರ ಒರಗಲಿ. ಬೆರಳಿನ ಮೆತ್ತನೆಯ ಭಾಗದ ಮೇಲೆ ಇಟ್ಟರೆ ಕಡ್ಡಿ ಉರುಳುತ್ತದೆ. ಉಗುರಿನ ಪಕ್ಕದಲ್ಲಿ ಎಲುಬಿನ ಆಸರೆ ಇರುತ್ತದೆ. ಈಗ ಹೆಬ್ಬೆರಳಿನ ಬುಡದಿಂದ ಕಡ್ಡಿಯನ್ನು ಮೆಲ್ಲಗೆ ಅದುಮಿ. ಬುಡದಿಂದ ಎಂದೆ, ತುದಿಯಿಂದ ಎಂದಿಲ್ಲ. ತುದಿಗೆ ಬೇರೆ ಕೆಲಸ ಕಾದಿದೆ. ಅದನ್ನು ಈಗಲೇ ಖರ್ಚು ಮಾಡಿಬಿಟ್ಟರೆ ಮೇಲಿನ ಕಡ್ಡಿಗೆ ಬೆರಳೇ ಉಳಿಯುವುದಿಲ್ಲ.

ಸಂದು, ಹೆಬ್ಬೆರಳಿನ ಬುಡ, ಉಂಗುರ ಬೆರಳು: ಮೂರು ಆಧಾರಗಳು. ಮೂರೂ ಸರಿಯಾಗಿದ್ದರೆ ಕಡ್ಡಿ ಗೋಡೆಗೆ ಹೊಡೆದ ಮೊಳೆಯಂತೆ ನಿಲ್ಲುತ್ತದೆ. ಪರೀಕ್ಷೆ ಹೀಗೆ: ಹೆಬ್ಬೆರಳಿನ ತುದಿ, ತೋರುಬೆರಳು, ನಡುಬೆರಳುಗಳನ್ನು ಗಾಳಿಯಲ್ಲಿ ಟೈಪ್ ಮಾಡುವವರಂತೆ ಆಡಿಸಿ. ಬೆರಳುಗಳು ಕುಣಿಯಲಿ, ಕಡ್ಡಿ ಕದಲಬಾರದು. ಕದಲಿತೇ? ಕೆಳಗಿಟ್ಟು ಮತ್ತೆ ಮೊದಲಿನಿಂದ ಶುರು ಮಾಡಿ. ಮುಂದಿನ ಹಂತಕ್ಕೆ ನುಗ್ಗಬೇಡಿ. ‘ಒಪ್ಪಿದ್ದೇನೆ’ ಗುಂಡಿಯನ್ನು ಓದದೇ ಒತ್ತುವ ಜನ ಇಲ್ಲಿಯೂ ಅದನ್ನೇ ಮಾಡುತ್ತಾರೆ ಎಂಬುದು ಗೊತ್ತಿದ್ದೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇಷ್ಟೊಂದು ಹಟವೇಕೆ? ಬಡಗಿಯ ಮೇಜಿನ ವೈಸ್ ನೋಡಿದ್ದೀರಲ್ಲ, ಅದರ ಒಂದು ದವಡೆ ನಿಂತಿರುತ್ತದೆ, ಇನ್ನೊಂದು ಅದರತ್ತ ಬರುತ್ತದೆ. ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್‌ನಲ್ಲೂ ಅಷ್ಟೇ. ಎರಡೂ ದವಡೆಗಳು ಅಲೆದಾಡಿದರೆ ವಸ್ತು ಎಲ್ಲಿ ಸಿಗುತ್ತದೆ ಎಂದು ಯಾರು ಹೇಳಬೇಕು? ನನ್ನ ಸಹೋದ್ಯೋಗಿಯ ಕೈಯಲ್ಲಿ ಆಗುತ್ತಿದ್ದದ್ದು ಅದೇ. ಎರಡು ಕಡ್ಡಿಗಳೂ ಕತ್ತರಿಯಂತೆ ಅಡ್ಡಹಾಯ್ದು ನೂಡಲ್ಸನ್ನು ಬಿಟ್ಟು ಒಂದನ್ನೊಂದು ಹಿಡಿದುಕೊಳ್ಳುತ್ತಿದ್ದವು.

ಹಂತ 4.1: ಎಲ್ಲಿ ಹಿಡಿಯುವುದು

ತುದಿಯಿಂದ ಮೂರನೇ ಎರಡು ಭಾಗ ಮೇಲೆ. ಭಯವಾದಾಗ ಕೈ ತಾನಾಗಿ ತುದಿಯತ್ತ ಜಾರುತ್ತದೆ, ಅಕ್ಷರ ಕಾಣದಾಗ ಮೂಗನ್ನು ಪರದೆಗೆ ತಾಗಿಸುವ ಹಾಗೆ. ತುದಿಗೆ ಹತ್ತಿರ ಹಿಡಿದಷ್ಟೂ ಕಡ್ಡಿಗಳ ಬಾಯಿ ಕಡಿಮೆ ತೆರೆಯುತ್ತದೆ. ಮೇಲೆ ಹಿಡಿದರೆ ಬೆರಳು ಕೊಂಚ ಆಡಿದರೂ ತುದಿ ಸಾಕಷ್ಟು ಅಗಲವಾಗುತ್ತದೆ.

ಹಂತ 5: ಮೇಲಿನ ಕಡ್ಡಿ

ಪೆನ್ಸಿಲ್ ಹಿಡಿಯಲು ಬಂದರೆ ಇದು ಬಂದಂತೆಯೇ. ಹೆಬ್ಬೆರಳಿನ ತುದಿ ಇದಕ್ಕೆ ತಿರುಗಣಿ. ನಡುಬೆರಳು ಮೇಲಕ್ಕೆತ್ತಿದರೆ ಬಾಯಿ ತೆರೆಯುತ್ತದೆ, ತೋರುಬೆರಳು ಕೆಳಗೊತ್ತಿದರೆ ಮುಚ್ಚುತ್ತದೆ. ಎರಡು ತುದಿಗಳೂ ಸರಿಸಮ ಇರಬೇಕು. ಒಂದು ಸ್ವಲ್ಪ ಮುಂದಿದ್ದರೂ ಹಿಡಿತ ತಪ್ಪುತ್ತದೆ. ಮೇಜಿಗೆ ಮೆಲ್ಲಗೆ ತಾಗಿಸಿ ಸಮ ಮಾಡಿಕೊಳ್ಳಿ. ಬಟ್ಟಲಿಗೆ ಟಣಟಣ ಬಡಿದು ಸಮ ಮಾಡಬೇಡಿ, ಚೀನಾದಲ್ಲಿ ಅದು ಭಿಕ್ಷೆ ಬೇಡುವವರ ಲಕ್ಷಣ.

ಐದು ನಿಮಿಷದಲ್ಲಿ ಹೆಬ್ಬೆರಳ ಬುಡ ನೋಯತೊಡಗಿದರೆ ಅತಿಯಾಗಿ ಬಿಗಿ ಹಿಡಿದಿದ್ದೀರಿ ಎಂದರ್ಥ. ಕೈ ಹ್ಯಾಂಗ್ ಆಗಿದೆ. ಕಡ್ಡಿ ಕೆಳಗಿಡಿ, ಕೈ ಕೊಡವಿ, ರೀಸ್ಟಾರ್ಟ್ ಮಾಡಿ.

ಹಂತ 6: ಅಭ್ಯಾಸ

ರಬ್ಬರಿನ ಚೂರುಗಳಿಂದ ಶುರು ಮಾಡಿ, ಅಕ್ಷರ ಅಳಿಸುವ ರಬ್ಬರ್. ಆಮೇಲೆ ಸಿಪ್ಪೆಸಹಿತ ಕಡಲೆಕಾಯಿ, ಆಮೇಲೆ ಬಟಾಣಿ. ಹಸಿದಾಗ ಕಲಿಯಲು ಕೂರಬೇಡಿ. ಹಸಿವು ಯಾವ ಕೈಪಿಡಿಯನ್ನೂ ಓದುವುದಿಲ್ಲ.

ಎರಡು ಕಡ್ಡಿಗಳ ಹಿಂತುದಿಗೆ ಕಾಗದದ ಸುರುಳಿ ಇಟ್ಟು ರಬ್ಬರ್ ಬ್ಯಾಂಡ್ ಸುತ್ತುವ ಅಡ್ಡದಾರಿಯೊಂದಿದೆ. ಬೆರಳು ತೂರಿಸುವ ಉಂಗುರಗಳಿರುವ ಪ್ಲಾಸ್ಟಿಕ್ ಜೋಡಿಗಳೂ ಸಿಗುತ್ತವೆ. ಸಣ್ಣ ಮಕ್ಕಳಿಗೆ ಸರಿ. ದೊಡ್ಡವರಿಗೆ ನಾನು ಖಂಡಿತ ಬೇಡ ಎನ್ನುತ್ತೇನೆ. ರಬ್ಬರ್ ಬ್ಯಾಂಡ್ ಹಾಕಿದ ಮೇಲೆ ಅದು ಚಾಪ್‌ಸ್ಟಿಕ್ ಅಲ್ಲ, ಚಿಮಟ. ಚಿಮಟದಲ್ಲಿ ಎರಡು ಕಾಲುಗಳೂ ಚಲಿಸುತ್ತವೆ, ಅಂದರೆ ನೀವು ಬಿಡಬೇಕಾದ ಚಟವನ್ನೇ ಅದು ಕಲಿಸುತ್ತದೆ. ಬ್ಯಾಂಡ್ ಬಿಚ್ಚಿದ ದಿನ ಮತ್ತೆ ಹಂತ 4ಕ್ಕೇ ಬರುತ್ತೀರಿ.

ಅನ್ನದ ವಿಷಯದಲ್ಲಿ ಹೊಂದಾಣಿಕೆಯ ತೊಂದರೆಯಿದೆ. ಒಂದಕ್ಕೊಂದು ಅಂಟಿಕೊಳ್ಳುವ ಗಿಡ್ಡ ಅಕ್ಕಿಯ ಅನ್ನ ಮುದ್ದೆಯಾಗಿ ಏಳುತ್ತದೆ. ಉದುರುದುರಾದ ಅನ್ನ ಏಳುವುದಿಲ್ಲ. ಒಂದೊಂದೇ ಅಗುಳು ಹೆಕ್ಕುತ್ತ ಕೂರುವ ಬದಲು ಚಮಚ ಹಿಡಿಯಿರಿ. ಕೊರಿಯಾದವರು ಅನ್ನಕ್ಕೆ ಚಮಚವನ್ನೇ ಬಳಸುತ್ತಾರೆ, ಆದ್ದರಿಂದ ನಾಚಿಕೆ ಬೇಡ.

ಹಂತ 7: ಅನುಮತಿಗಳು

ಯಂತ್ರ ಒಪ್ಪಿದರೂ ಮನುಷ್ಯರು ಒಪ್ಪದ ಕೆಲವು ಕೆಲಸಗಳಿವೆ. ಅನ್ನದ ಬಟ್ಟಲಿನಲ್ಲಿ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು. ಚೀನಾ, ಜಪಾನುಗಳಲ್ಲಿ ಅದು ಸತ್ತವರ ಮುಂದಿನ ಊದುಬತ್ತಿಯನ್ನೂ ಎಡೆಯನ್ನೂ ನೆನಪಿಸುತ್ತದೆ. ಜಪಾನಿನಲ್ಲಿ ಕಡ್ಡಿಯಿಂದ ಕಡ್ಡಿಗೆ ತುಂಡು ದಾಟಿಸಬಾರದು. ದಹನದ ಬಳಿಕ ಮೂಳೆಗಳನ್ನು ಆಯ್ದು ದಾಟಿಸುವುದು ಹಾಗೆ. ಹಂಚಿಕೊಳ್ಳಬೇಕಿದ್ದರೆ ತಟ್ಟೆಗೆ ಹಾಕಿ, ಅವರೇ ಡೌನ್‌ಲೋಡ್ ಮಾಡಿಕೊಳ್ಳಲಿ.

ಸೀಳಿ ಬಳಸುವ ಜೋಡಿಯನ್ನು ಬೇರ್ಪಡಿಸಿದ ಮೇಲೆ ಒಂದಕ್ಕೊಂದು ಕರಕರ ಉಜ್ಜುವ ಅಭ್ಯಾಸವೂ ಬೇಡ. ‘ನೀವು ಕೊಟ್ಟದ್ದು ಕಳಪೆ ಮಾಲು’ ಎಂದು ಆತಿಥೇಯರ ಮುಖಕ್ಕೇ ಹೇಳಿದಂತೆ. ಸಿಬಿರು ಎದ್ದಿದ್ದರೆ ಬೆರಳಲ್ಲಿ ಸದ್ದಿಲ್ಲದೆ ಕಿತ್ತುಬಿಡಿ.

ಹಂತ 8: ತೊಳೆದಿಡುವುದು

ಮರದ್ದನ್ನು ನೀರಿನಲ್ಲಿ ನೆನೆಹಾಕಬೇಡಿ, ತೊಳೆದ ಕೂಡಲೇ ಒರೆಸಿ, ತುದಿ ಮೇಲಾಗಿ ನಿಲ್ಲಿಸಿ ಒಣಗಿಸಿ. ತುದಿ ಸವೆದು ಎರಡೂ ಕೂಡುವಲ್ಲಿ ಬೆಳಕು ಕಂಡರೆ ಜೋಡಿಯನ್ನು ಬದಲಿಸಿ. ಎರಡರಲ್ಲಿ ಒಂದು ಕಳೆದುಹೋದರೆ, ಅದು ಕಳೆದೇ ಹೋಗುತ್ತದೆ, ಉಳಿದ ಒಂಟಿ ಕಡ್ಡಿಯ ತುದಿಗೆ ತೆಳುವಾದ ಬಟ್ಟೆ ಸುತ್ತಿ ಕೀಬೋರ್ಡಿನ ಗುಂಡಿಗಳ ನಡುವೆ ಓಡಿಸಿ. ನನ್ನ ಸಹೋದ್ಯೋಗಿ ಈಗ ಆ ಕೆಲಸವನ್ನು ಒಂದೇ ಕೈಯಲ್ಲಿ ಬಹಳ ಚೆನ್ನಾಗಿ ಮಾಡುತ್ತಾರೆ. ಹೋದ ವಾರ ಅವರ ಕೀಬೋರ್ಡಿನಿಂದ ಎರಡು ಬಟಾಣಿ ಹೊರಬಂದವು.