ಪುಸ್ತಕದ ಪದಸೂಚಿಯನ್ನೇ ಅಬ್‌ಸ್ಟ್ರಾಕ್ಟ್ ಮಾಡಿಕೊಂಡೆವು

ಮೊನ್ನೆ ನಮ್ಮ ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ವಿಷಯದ ಬರಹಗಳನ್ನೆಲ್ಲ ನಿಯಮ ಹಾಕಿಕೊಂಡು ಹುಡುಕಿ, ಒಟ್ಟಿಗೆ ಇಟ್ಟು ನೋಡುವ ಪೇಪರ್) ಅಕ್ಸೆಪ್ಟ್ ಆಯಿತು. ವಿಷಯ ಆಸ್ಪತ್ರೆ ವಾರ್ಡಿನ ರಾತ್ರಿ ಗದ್ದಲ ಮತ್ತು ರೋಗಿಗಳ ನಿದ್ದೆ. ನರ್ಸಿಂಗ್ ಪೇಪರು, ಅಕೌಸ್ಟಿಕ್ಸ್ (ಸದ್ದಿನ ವಿಜ್ಞಾನ) ಪೇಪರು, ಆಸ್ಪತ್ರೆಗಳ ಇತಿಹಾಸದ ಪುಸ್ತಕ, ಮೂರನ್ನೂ ಒಂದೇ ಪ್ರೋಟೋಕಾಲಿಗೆ ತಂದಿದ್ದೆವು. "ಇತಿಹಾಸದ ಪುಸ್ತಕಕ್ಕೆ ಸಾರಾಂಶ ಹೇಳುವ ಅಬ್‌ಸ್ಟ್ರಾಕ್ಟೇ ಇರಲ್ಲ, ಬೇಕೋ ಬೇಡವೋ ಅಂತ ಸ್ಕ್ರೀನ್ ಹೇಗೆ ಮಾಡ್ತೀರಿ?" ಅಂತ ನಕ್ಕವರೇ ಜಾಸ್ತಿ. ನಮ್ಮ ತಂಡದ ಡಾಕ್ಟರೇ ನಕ್ಕಿದ್ದರು. ಈಗ ಅವರೇ ಎಲ್ಲರಿಗೂ ಪೇಪರ್ ಕಳಿಸುತ್ತಿದ್ದಾರೆ.

ಮೊದಲ ಸಲ 'ನಾಯ್ಸ್' ಮತ್ತು 'ವಾರ್ಡ್' ಸೇರಿಸಿ ಹುಡುಕಿದಾಗ ಹತ್ತೋ ಹನ್ನೊಂದೋ ಸಾವಿರ ಬಂತು. ಖುಷಿಪಟ್ಟೆವು. ತೆರೆದು ನೋಡಿದರೆ ವಿಜ್ಞಾನದ ಕಡೆಯಿಂದ ಬಂದದ್ದರಲ್ಲಿ ದೊಡ್ಡ ಪಾಲು ವಾರ್ಡ್ ಕ್ಲಸ್ಟರಿಂಗ್! ಡೇಟಾವನ್ನು ಗುಂಪುಗಳಾಗಿ ವಿಂಗಡಿಸುವ 1963ರ ಆ ವಿಧಾನಕ್ಕೆ ಅದನ್ನು ಕೊಟ್ಟ ವಾರ್ಡ್ ಅನ್ನುವವರ ಹೆಸರೇ ಇದೆ. ಡೇಟಾದಲ್ಲಿ ನಾಯ್ಸ್ (ಇಲ್ಲಿ ಸದ್ದಲ್ಲ, ಬೇಡದ ಏರುಪೇರು) ಇದ್ದರೆ ಅದು ಏನಾಗುತ್ತದೆ ಅಂತ ಬರೆದವರೆಲ್ಲ ನಮ್ಮ ಬಲೆಗೆ ಬಿದ್ದಿದ್ದರು. ಜೊತೆಗೆ ಇಸಿಜಿ ಸಿಗ್ನಲ್‌ನ ನಾಯ್ಸ್, ಎಂಆರ್‌ಐ ಚಿತ್ರದ ನಾಯ್ಸ್. 'ಸೌಂಡ್‌ಸ್ಕೇಪ್' (ಒಂದು ಜಾಗದ ಒಟ್ಟು ಸದ್ದು) ಹಾಕಿದರೆ ಕಾಡಿನ ಕಪ್ಪೆ, ಹಕ್ಕಿ. ಎರಡು ವಾರ ಸುಮ್ನೆ ಹೋಯಿತು.

ಆಮೇಲೆ ಮೂರು ಶಾಸ್ತ್ರಕ್ಕೂ ಬೇರೆ ಬೇರೆ ಪದಪಟ್ಟಿ ಮಾಡಿದೆವು. ಸಿಗಲೇಬೇಕು ಅಂತ ನಮಗೆ ಮೊದಲೇ ಗೊತ್ತಿದ್ದ 30 ಬರಹಗಳನ್ನು ಪಕ್ಕಕ್ಕಿಟ್ಟು, ಪ್ರತಿ ಹುಡುಕಾಟವನ್ನೂ ಅವುಗಳ ಮೇಲೆ ಪರೀಕ್ಷಿಸಿದೆವು. ಮೊದಲ ಪಟ್ಟಿಗೆ ಸಿಕ್ಕಿದ್ದು 17. ತಪ್ಪಿಸಿಕೊಂಡವುಗಳಲ್ಲಿ ಪುಸ್ತಕಗಳೇ ಹೆಚ್ಚು. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ತಮ್ಮ ಶುಶ್ರೂಷೆಯ ಪುಸ್ತಕದಲ್ಲಿ ಗದ್ದಲಕ್ಕೆ ಒಂದು ಇಡೀ ಅಧ್ಯಾಯ ಕೊಟ್ಟಿದ್ದಾರೆ. ನಮ್ಮ ಹುಡುಕಾಟಕ್ಕೆ ಅದು ಕಾಣಲೇ ಇಲ್ಲ.

ಆಗ ಹೊಳೆದದ್ದು ಪದಸೂಚಿ. ಪುಸ್ತಕದ ಹಿಂದೆ ಇರುತ್ತದಲ್ಲ, ಅದನ್ನೇ ಅಬ್‌ಸ್ಟ್ರಾಕ್ಟ್ ಅಂದುಕೊಳ್ಳೋಣ ಅಂದೆ. 'ಗದ್ದಲ' ಅನ್ನುವ ಪದ ಅಲ್ಲಿ ಇರುವುದು ಅಪರೂಪ. ಗಂಟೆ, ರಾತ್ರಿ ಪಾಳಿ, ಭೇಟಿ ವೇಳೆ, ನೆಲಹಾಸು, ಮೌನ ಇವೆಲ್ಲ ಇರುತ್ತವೆ. ಒಂದು ಪುಸ್ತಕದಲ್ಲಂತೂ 'ಬೂಟು' ಅಂತ ಇತ್ತು. ತೆರೆದರೆ ರಾತ್ರಿ ನರ್ಸುಗಳ ಬೂಟಿನ ಸದ್ದಿನ ಮೇಲೆ ಎರಡು ಪುಟ! ಇಂಥ ಪದಗಳಲ್ಲಿ ಯಾವ ಜೋಡಿ ಒಟ್ಟಿಗೆ ಬಂದರೆ ಪುಸ್ತಕ ಒಳಗೆ, ಯಾವುದಾದರೆ ಹೊರಗೆ ಅನ್ನುವ ನಿಯಮ ನಮ್ಮ ಹತ್ತಿರ ಇದೆ. ಇನ್ನೊಂದು ರಿವ್ಯೂ ನಡೆಯುತ್ತಿರುವುದರಿಂದ ಅದನ್ನು ಈಗ ಹೇಳಲ್ಲ.

ಇಬ್ಬರು ಕೂತು ಮೊದಲ 200 ಬರಹ ಸ್ಕ್ರೀನ್ ಮಾಡಿದೆವು. ನೂರಕ್ಕೆ 93 ಹೊಂದಿಕೆ, ಕಪ್ಪಾ (ಆಕಸ್ಮಿಕವಾಗಿ ಆಗುವ ಹೊಂದಿಕೆಯನ್ನು ಬಿಟ್ಟು ನೋಡುವ ಅಳತೆ, ಪೂರ್ತಿ ಹೊಂದಿದರೆ 1) ಮಾತ್ರ 0.43. ಎಲ್ಲವನ್ನೂ ಬೇಡ ಅನ್ನುತ್ತಾ ಹೋದರೆ ಹೊಂದಿಕೆ ಹೇಗೂ ಇರುತ್ತೆ. ಜಗಳ ಇದ್ದದ್ದು 'ಬೇಕು' ಅನ್ನುವ ಬೆರಳೆಣಿಕೆಯ ಬರಹಗಳಲ್ಲಿ. ಇತಿಹಾಸದವರಿಗೆ ಒಬ್ಬ ರೋಗಿಯ ಡೈರಿಯೂ ಸಾಕ್ಷಿ, ಡಾಕ್ಟರಿಗೆ ಅದು ಒಂದು ಕೇಸ್ ಅಷ್ಟೇ. ಒಂದು ಇಡೀ ದಿನ ವಾದ ಮಾಡಿ ನಿಯಮ ತಿದ್ದಿದ ಮೇಲೆ 0.8ರ ಹತ್ತಿರ ಬಂತು.

ದುಡ್ಡಿನ ವಿಷಯಕ್ಕೆ ಬಂದರೆ ಹೊಟ್ಟೆ ಉರಿಯುತ್ತದೆ. ಗ್ರಾಂಟಿನ ಆರನೇ ಒಂದು ಪಾಲು ಕೊಟ್ಟು, ತಾನೇ ಕಲಿತು ಬರಹಗಳನ್ನು ಜೋಡಿಸುವ ಸ್ಕ್ರೀನಿಂಗ್ ತಂತ್ರಾಂಶಕ್ಕೆ ಒಂದು ವರ್ಷದ ಲೈಸೆನ್ಸ್ ತೆಗೆದುಕೊಂಡಿದ್ದೆ. ನಾವು ಮೊದಲು ಕಲಿಸಿದ್ದೆಲ್ಲ ನರ್ಸಿಂಗ್ ಪೇಪರು. ಅದು ಇತಿಹಾಸದ ಬರಹಗಳನ್ನೆಲ್ಲ ಪಟ್ಟಿಯ ತಳಕ್ಕೆ ತಳ್ಳಿತು. ಮೂರು ತಿಂಗಳಿಗೇ ಕೈಬಿಟ್ಟೆವು, ದುಡ್ಡು ವಾಪಸ್ ಬರಲಿಲ್ಲ.

ಎಕ್ಸೆಲ್‌ಗೆ ಬಂದರೆ ಅಲ್ಲಿ ಬೇರೆ ಕಾಟ. ಪದಸೂಚಿಯಲ್ಲಿ ಪುಟ 10-12 ಅಂತ ಇದ್ದದ್ದು ಟೈಪ್ ಮಾಡಿದ ಕೂಡಲೇ ತಾರೀಕಾಯಿತು. ಗಮನಿಸಿದ್ದು ತಿಂಗಳ ಮೇಲೆ. ಇದೇ ಕಾಟಕ್ಕೆ 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಿಸಿದರು, ಮಾರ್ಚ್1 ಹೋಗಿ ಮಾರ್ಚ್‌ಎಫ್1 ಆಯಿತು. ನಾವು ಕಾಲಮ್ಮನ್ನು ಟೆಕ್ಸ್ಟ್‌ಗೆ ಬದಲಿಸಿ ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆವು.

ದೊಡ್ಡ ತಪ್ಪು ಮಾತ್ರ ನನ್ನದೇ. ಡೆಸಿಬೆಲ್‌ಗಳನ್ನು ಸುಮ್ನೆ ಕೂಡಿಸಿ ಭಾಗಿಸಿದ್ದೆ. ಅದು ಲಾಗರಿದಮ್ ಅಳತೆ, ಹಾಗೆ ಮಾಡುವಂತಿಲ್ಲ. ಅರ್ಧ ಹೊತ್ತು 50, ಅರ್ಧ ಹೊತ್ತು 70 ಇದ್ದರೆ ಸರಾಸರಿ 60 ಅಲ್ಲ, 67. ಅಕೌಸ್ಟಿಕ್ಸ್‌ನವರು ನೋಡಿ ಏನೂ ಹೇಳಲಿಲ್ಲ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಟೇಬಲ್ ಪೂರ್ತಿ ಮತ್ತೆ ಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ವಾರ್ಡಿಗೆ ಹೇಳಿದ್ದು 30. ಅಷ್ಟಕ್ಕೆ ಇಳಿದ ವಾರ್ಡ್ ನಮ್ಮ ಪೇಪರುಗಳಲ್ಲಿ ಒಂದೂ ನೆನಪಿಗೆ ಬರುತ್ತಿಲ್ಲ.

ನಡುವೆ ಒಂದು ರಾತ್ರಿ ಮೂವರ ಫೋನನ್ನೂ ಒಂದೇ ಮೇಜಿನ ಮೇಲಿಟ್ಟು ಆ್ಯಪ್‌ನಲ್ಲಿ ಸದ್ದು ಅಳೆದೆವು. ಮೂರೂ ಬೇರೆ ಬೇರೆ ಹೇಳಿದವು, ಏಳೆಂಟು ಡೆಸಿಬೆಲ್ ವ್ಯತ್ಯಾಸ. ಫೋನಿನಲ್ಲಿ ಅಳೆದ ಪೇಪರುಗಳನ್ನು ಬೇರೆ ಗುಂಪಿಗೆ ಹಾಕಿದ್ದು ಅದಾದ ಮೇಲೇ.

ಪದಸೂಚಿಯೇ ಇಲ್ಲದ ಪುಸ್ತಕಗಳನ್ನು ಏನು ಮಾಡಿದಿರಿ ಅಂತ ರಿವ್ಯೂವರ್ ಕೇಳಿದರು. ಸುಮಾರು 40 ಇದ್ದವು. ಕೂತು ಪೂರ್ತಿ ಓದಿದೆವು ಅಂತಲೇ ಬರೆದೆವು. ಅದಕ್ಕೆ ಒಳದಾರಿ ನನಗೂ ಸಿಕ್ಕಿಲ್ಲ.