ಬಟ್ಟೆ ಒಂದೇ, ಬರುವ ದಾರಿ ಬೇರೆ: ಸೇನಾ ಸಮವಸ್ತ್ರ ಹೊಲಿದ ನನ್ನ ಅನುಭವ

ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ನಾನು 22 ವರ್ಷಗಳಿಂದ ಸೇನೆಯವರ ಸಮವಸ್ತ್ರ ಹೊಲಿಯುತ್ತಿದ್ದೇನೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಕೇಂದ್ರವಿರುವ ಊರಾದ್ದರಿಂದ, ಆಗಷ್ಟೇ ಭರ್ತಿಯಾದ ಹುಡುಗನಿಂದ ಹಿಡಿದು ಕರ್ನಲ್‌ವರೆಗೆ ಎಲ್ಲ ದರ್ಜೆಯವರ ಅಳತೆಯೂ ನನ್ನ ಪುಸ್ತಕದಲ್ಲಿದೆ. ದರ್ಜೆ ಏರಿದಂತೆ ಬಟ್ಟೆಯ ಗುಣವೂ ಏರುತ್ತದೆ ಎಂದು ಹೊರಗಿನವರು ಭಾವಿಸುತ್ತಾರೆ. ಕಾಂಬ್ಯಾಟ್ ಉಡುಪಿನ, ಅಂದರೆ ಕಾರ್ಯಾಚರಣೆಗೆ ತೊಡುವ ಮಚ್ಚೆ ವಿನ್ಯಾಸದ ಸಮವಸ್ತ್ರದ ಮಟ್ಟಿಗೆ ಅದು ನಿಜವಲ್ಲ. ಬಟ್ಟೆ ಒಂದೇ, ಅದು ಮೈಗೆ ಬರುವ ದಾರಿ ಮತ್ತು ಅದಕ್ಕೆ ಹಣ ಕೊಡುವವರು ಮಾತ್ರ ಬೇರೆ.

ಜವಾನರಿಗೂ, ಅವರಿಗೂ ಅಧಿಕಾರಿಗಳಿಗೂ ನಡುವಿನ ಸುಬೇದಾರ್ ದರ್ಜೆಯವರಿಗೂ ಕಾಂಬ್ಯಾಟ್ ಜೋಡಿಯು ಘಟಕದ ಸಾಮಾನು ಹಂಚುವ ಕ್ವಾರ್ಟರ್ ಮಾಸ್ಟರ್ ಸ್ಟೋರಿನಿಂದ ಸಿದ್ಧ ಅಳತೆಯಲ್ಲಿ ಸಿಗುತ್ತದೆ. ಅಧಿಕಾರಿಗಳು ತಮ್ಮ ಹಣದಲ್ಲಿ ಕೊಳ್ಳುತ್ತಾರೆ. ಬಹುಕಾಲ ಈ ಉಡುಪನ್ನು ಪೂರೈಸಿದ ಶಹಜಹಾನ್‌ಪುರ ಮತ್ತು ಆವಡಿಯ ಆರ್ಡ್‌ನೆನ್ಸ್ ಕ್ಲೋದಿಂಗ್ ಕಾರ್ಖಾನೆಗಳು 2021ರ ಅಕ್ಟೋಬರ್ 1ರಿಂದ ಟ್ರೂಪ್ ಕಂಫರ್ಟ್ಸ್ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿಯಡಿ ಬಂದಿವೆ. 2017ರಲ್ಲಿ ಒಗೆತ, ಬೂಟು ಮುಂತಾದ ಬಿಡಿ ಭತ್ಯೆಗಳನ್ನು ಒಗ್ಗೂಡಿಸಿ, ಅಧಿಕಾರಿಗಳಿಗೆ ವರ್ಷಕ್ಕೆ 20,000, ಉಳಿದವರಿಗೆ 10,000 ರೂಪಾಯಿಯ ಉಡುಪು ಭತ್ಯೆ ನಿಗದಿಯಾಯಿತು. ನನ್ನ ಅಂಗಡಿಗೆ ಬರುವ ಹಣ ಹೆಚ್ಚಾಗಿ ಇದೇ.

ಸಿದ್ಧ ಅಳತೆ ಯಾರ ಮೈಗೂ ಪೂರ್ತಿ ಒಪ್ಪುವುದಿಲ್ಲ. ತರಬೇತಿಯ ತಿಂಗಳುಗಳಲ್ಲಿ ಹುಡುಗನ ಎದೆ, ಭುಜ ಅಗಲವಾಗಿ ಸೊಂಟ ಇಳಿಯುತ್ತದೆ. ಎದೆಗೆ ಹೊಂದುವ ಶರ್ಟು ಸೊಂಟದಲ್ಲಿ ಚೀಲದಂತೆ ಜೋಲುತ್ತದೆ. ಆಗ ಪಕ್ಕದ ಹೊಲಿಗೆಯನ್ನು ಕಂಕುಳವರೆಗೆ ಬಿಚ್ಚಿ, ಎರಡೂ ಬದಿ ಸಮನಾಗಿ ಒಳಗೆ ಹಿಡಿದು, ತೋಳಿನ ಸುತ್ತನ್ನು ಮುಟ್ಟದೆ ಮತ್ತೆ ಕೂಡಿಸಬೇಕು. ತೋಳು ಮುಟ್ಟಿದರೆ ಸೆಲ್ಯೂಟ್ ಹೊಡೆಯುವಾಗ ಶರ್ಟಿನ ಅಂಚು ಮೇಲೆ ಎಳೆದುಕೊಳ್ಳುತ್ತದೆ. ಈ ಕೆಲಸಕ್ಕೆ ನಾನು 150 ರೂಪಾಯಿ ಪಡೆಯುತ್ತೇನೆ, ರಿಕ್ರೂಟ್‌ಗಳಿಂದ 100 ಮಾತ್ರ.

ಆಲಿವ್ ಹಸಿರಿನ ಉಡುಪಿನಲ್ಲಿ ನಾನು ಕಲಿತ ಪಾಠ ದುಬಾರಿಯದು. ಪಥಸಂಚಲನವೊಂದಕ್ಕೆ 28 ಜೋಡಿ ಹೊಲಿಯುವಾಗ ಟೆರಿಕಾಟ್ ಬಟ್ಟೆಯ ಥಾನು (ಸುರುಳಿ) ನಡುವೆಯೇ ಮುಗಿದು, ವ್ಯಾಪಾರಿಯು ಅದೇ ನಂಬರಿನ ಇನ್ನೊಂದು ಥಾನು ಕಳುಹಿಸಿದನು. ಟ್ಯೂಬ್‌ಲೈಟ್ ಬೆಳಕಿನಲ್ಲಿ ಎರಡೂ ಒಂದೇ ಕಂಡವು. ಮರುದಿನ ಮೈದಾನದ ಬಿಸಿಲಿನಲ್ಲಿ 11 ಜನರ ಪ್ಯಾಂಟು ಕಂದು ಛಾಯೆಗೆ ತಿರುಗಿತ್ತು. "ಮಾಸ್ಟರ್, ಸಾಲು ನೋಡಿ," ಎಂದಷ್ಟೇ ಸುಬೇದಾರ್ ಸಾಹೇಬರು ಹೇಳಿದರು. ಮೊದಲಿನ ಲಾಟಿನ, ಅಂದರೆ ಒಂದೇ ಸಲ ಬಣ್ಣ ಹಾಕಿದ ಕಂತಿನ ಬಟ್ಟೆಯನ್ನೇ ಹುಬ್ಬಳ್ಳಿಯಲ್ಲಿ ಹುಡುಕಿ, ಒಂದು ಪ್ಯಾಂಟಿಗೆ ಒಂದೂಕಾಲು ಮೀಟರ್‌ನಂತೆ ಸುಮಾರು 14 ಮೀಟರ್ ತಂದು, ನನ್ನ ಖರ್ಚಿನಲ್ಲಿ ರಾತ್ರಿಯೆಲ್ಲ ಹೊಲಿದುಕೊಟ್ಟೆ. ಅಂದಿನಿಂದ ಲಾಟಿನ ಗುರುತನ್ನು ಥಾನಿನ ಅಂಚಿನಿಂದ ಚೀಟಿಗೆ ಇಳಿಸಿ, ಬಾಗಿಲಿನ ಹೊರಗೆ ಬಿಸಿಲಿನಲ್ಲಿ ಹೋಲಿಸಿಯೇ ಕತ್ತರಿ ಹಾಕುತ್ತೇನೆ.

ದರ್ಜೆಯ ವ್ಯತ್ಯಾಸ ನಿಜವಾಗಿ ಕಾಣುವುದು ಸಣ್ಣ ಸಾಮಾನುಗಳಲ್ಲಿ. ಹವಾಲ್ದಾರರಿಗೆ ತೋಳಿನ ಮೇಲೆ ಮೂರು ಪಟ್ಟಿ. ಸುಬೇದಾರರಿಗೆ ಭುಜದ ಮೇಲೆ ಎರಡು ನಕ್ಷತ್ರದ ಜೊತೆಗೆ ಅಡ್ಡ ರಿಬ್ಬನ್. ಕರ್ನಲ್ ಆದ ಮೇಲೆ ಕಾಲರಿಗೆ ಕೆಂಪು ಪಟ್ಟಿ ಬರುತ್ತದೆ. 2023ರ ಆಗಸ್ಟ್ 1ರಿಂದ ಬ್ರಿಗೇಡಿಯರ್ ಮತ್ತು ಮೇಲಿನವರ ಟೋಪಿ, ಬೆಲ್ಟು, ಬೂಟುಗಳು ರೆಜಿಮೆಂಟಿನ ಭೇದವಿಲ್ಲದೆ ಒಂದೇ ಆಗಿವೆ. ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಎಲ್ಲ ರೆಜಿಮೆಂಟಿನವರನ್ನೂ ನಡೆಸುವವರ ಮೈಮೇಲೆ ಒಂದೇ ರೆಜಿಮೆಂಟಿನ ಗುರುತು ಇರಬೇಕಿಲ್ಲ.

2022ರ ಜನವರಿ 15ರಂದು ಸೇನಾ ದಿನದಲ್ಲಿ ಹೊಸ ಡಿಜಿಟಲ್ ವಿನ್ಯಾಸದ ಉಡುಪು ಬಂತು. ನಿಫ್ಟ್ (ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ) ಜೊತೆ ರೂಪಿಸಿದ ಅದರಲ್ಲಿ 70 ಭಾಗ ಹತ್ತಿ, 30 ಭಾಗ ಪಾಲಿಯೆಸ್ಟರ್ ಇದೆ. ಬೇಗ ಒಣಗುತ್ತದೆ, ಶರ್ಟನ್ನು ಪ್ಯಾಂಟಿನೊಳಗೆ ಸೇರಿಸುವಂತಿಲ್ಲ, ಹೀಗಾಗಿ ಕೆಳ ಅಂಚಿನ ಹೊಲಿಗೆ ಎಲ್ಲರ ಕಣ್ಣಿಗೂ ಬೀಳುತ್ತದೆ. ವಿನ್ಯಾಸವನ್ನು ಸೇನೆ ತನ್ನ ಹೆಸರಿಗೆ ನೋಂದಾಯಿಸಿಕೊಂಡಿದ್ದು, ಅನುಮತಿಯಿಲ್ಲದೆ ಅದನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ. ಯಾರ ಕೈಗೆ ಬೇಕಾದರೂ ಸೇನೆಯ ಉಡುಪು ಸಿಗುವುದು ಅಪಾಯಕರವಾದ್ದರಿಂದ, ವರಮಾನ ಇಳಿದರೂ ನಾನು ಇದನ್ನು ಒಪ್ಪಿದ್ದೇನೆ. ಕಾಂಬ್ಯಾಟ್ ಬಟ್ಟೆಯ ಥಾನು ಈಗ ನನ್ನ ಕಪಾಟಿನಲ್ಲಿಲ್ಲ. ಸೇನೆಯವರ ಗುರುತಿನ ಚೀಟಿ ನೋಡಿ, ಅವರು ತಂದ ಸಿದ್ಧ ಉಡುಪನ್ನೇ ಬಿಚ್ಚಿ ಮೈಗೆ ಹೊಂದಿಸಿಕೊಡುತ್ತೇನೆ.